ಅರ್ಜಿಯ ಜೊತೆಗಾರರು: ಕರ್ನಾಟಕದ ವಿಕಲಚೇತನರ ಪಿಂಚಣಿ ವ್ಯವಸ್ಥೆಯಲ್ಲಿ ನೆರವಿನ ಸ್ಥಾನ

ಕಲ್ಯಾಣ ಯೋಜನೆಗಳ ಕುರಿತ ಅಧ್ಯಯನಗಳು ಹೆಚ್ಚಾಗಿ ಎರಡು ಪ್ರಶ್ನೆಗಳ ಸುತ್ತ ನಡೆಯುತ್ತವೆ: ಯಾರು ಅರ್ಹರು, ಅವರ ಕೈಗೆ ಎಷ್ಟು ಹಣ ಸೇರಿತು. ಇವೆರಡರ ನಡುವೆ ಅರ್ಜಿ ಎಂಬುದೊಂದಿದೆ. ಆ ಅರ್ಜಿಯನ್ನು ಯಾರ ನೆರವಿನಿಂದ ಹಾಕಲಾಯಿತು ಎಂಬುದು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಸರಿಯುತ್ತದೆ. ಈ ಲೇಖನ ವಿಕಲಚೇತನರ ಪ್ರಮಾಣಪತ್ರ ಮತ್ತು ಪಿಂಚಣಿಗೆ ಸಂಬಂಧಿಸಿದ ಕಾಯಿದೆ, ನಿಯಮ, ಮಾರ್ಗಸೂಚಿಗಳನ್ನು ಈ ಒಂದೇ ಪ್ರಶ್ನೆ ಇಟ್ಟುಕೊಂಡು ಓದುವ ಪ್ರಯತ್ನ. ನನ್ನ ವಾದ ಇಷ್ಟು: ಅರ್ಜಿದಾರರಿಗೆ ಬೇಕಾದ ನೆರವಿನಲ್ಲಿ ಮೂರು ಬಗೆಗಳಿವೆ. ವಿಷಯ ತಿಳಿಸುವುದು ಒಂದು, ಕಾಗದವನ್ನು ಮುಂದಕ್ಕೆ ಸಾಗಿಸುವುದು ಇನ್ನೊಂದು, ತಪ್ಪು ತೀರ್ಮಾನದ ವಿರುದ್ಧ ತಕರಾರು ಎತ್ತುವುದು ಮೂರನೆಯದು. ಮೊದಲೆರಡನ್ನು ಸರ್ಕಾರ ಅಷ್ಟಿಷ್ಟು ಕಟ್ಟಿದೆ. ಮೂರನೆಯದಕ್ಕೆ ಕಾಯಿದೆಯಲ್ಲಿ ಜಾಗವಿದೆ, ಆದರೆ ಜೊತೆಗೆ ನಿಲ್ಲಬೇಕಾದ ಮನುಷ್ಯ ಇಲ್ಲ.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆ ಎಣಿಕೆ ನಡೆದದ್ದು 1995ರ ಹಳೆಯ ಕಾಯಿದೆ ಜಾರಿಯಲ್ಲಿದ್ದ ಕಾಲದಲ್ಲಿ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಥಲಸೇಮಿಯಾ, ಹಿಮೋಫೀಲಿಯಾ, ಕುಡಗೋಲು ಕಣ ರೋಗ, ಪಾರ್ಕಿನ್ಸನ್ ಕಾಯಿಲೆ, ಆಸಿಡ್ ದಾಳಿಗೆ ತುತ್ತಾದವರ ಸ್ಥಿತಿ ಇವೆಲ್ಲ ಆ ಪಟ್ಟಿಗೆ ಸೇರಿದವು. ಪಟ್ಟಿ ಬೆಳೆದಂತೆ ನೋಡಿದ ಕೂಡಲೇ ಗೊತ್ತಾಗದ ವೈಕಲ್ಯಗಳ ಸಂಖ್ಯೆಯೂ ಬೆಳೆಯಿತು. ವೈಕಲ್ಯ ಕಣ್ಣಿಗೆ ಕಾಣದಿದ್ದಾಗ ಅದನ್ನು ಸಾಬೀತು ಮಾಡುವ ಹೊರೆಯೆಲ್ಲ ಕಾಗದದ ಮೇಲೆ ಬೀಳುತ್ತದೆ.

ಅರ್ಜಿಯ ದಾರಿಯನ್ನು ಇಲಾಖಾವಾರು ಗುರುತಿಸಿದರೆ ಒಂದು ವಿಚಿತ್ರ ನಕ್ಷೆ ಸಿಗುತ್ತದೆ. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪೋರ್ಟಲ್ ಕೇಂದ್ರ ಸರ್ಕಾರದ್ದು. ಪರೀಕ್ಷೆ ನಡೆಸಿ ಶೇಕಡಾವಾರು ನಿಗದಿ ಮಾಡುವ ವೈದ್ಯರು ಆಸ್ಪತ್ರೆಯವರು. ಪಿಂಚಣಿಯ ಅರ್ಜಿ ಸೇರುವುದು ನಾಡಕಚೇರಿಗೆ. ಅಲ್ಲಿಂದ ಅದು ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕ, ತಹಶೀಲ್ದಾರ್ ಎಂಬ ಕಂದಾಯ ಇಲಾಖೆಯ ಸಾಲಿನಲ್ಲಿ ಚಲಿಸುತ್ತದೆ. ಆದೇಶವಾದ ಮೇಲೆ ಹಣ ಖಜಾನೆಯಿಂದ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗಬೇಕು. ಈ ದಾರಿಯುದ್ದಕ್ಕೂ ಅರ್ಜಿದಾರರ ಜೊತೆಗಿರಲೆಂದು ಸರ್ಕಾರವೇ ನೇಮಿಸಿದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾತ್ರ ನಾಲ್ಕನೆಯ ಮನೆಗೆ ಸೇರಿದವರು. ಅದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಪ್ರಮಾಣಪತ್ರ ಬರೆಯುವ ವೈದ್ಯರಾಗಲಿ, ಪಿಂಚಣಿ ಆದೇಶಕ್ಕೆ ಸಹಿ ಹಾಕುವ ತಹಶೀಲ್ದಾರ್ ಆಗಲಿ ಆ ಇಲಾಖೆಯ ಅಧೀನರಲ್ಲ.

ಹೀಗಿದ್ದೂ ಈ ಕಾರ್ಯಕರ್ತರ ಯೋಜನೆಯ ಹಿಂದಿನ ಆಲೋಚನೆ ಅಪರೂಪದ್ದು. ಗ್ರಾಮ ಪಂಚಾಯಿತಿಗೊಬ್ಬರಂತೆ ಅದೇ ಸೀಮೆಯ, ಸ್ವತಃ ವಿಕಲಚೇತನರಾದ ವ್ಯಕ್ತಿಯನ್ನು ಆರಿಸಲಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಊರಿನವರ ಬಾಯಲ್ಲಿ ಇವರು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಯಾವ ವಾರ ಆಸ್ಪತ್ರೆಯಲ್ಲಿ ಯಾವ ತಜ್ಞರು ಸಿಗುತ್ತಾರೆ, ಪಡಿತರ ಚೀಟಿಯಲ್ಲಿರುವ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಮೊದಲು ಎಲ್ಲಿ ತಿದ್ದಿಸಬೇಕು, ನಿಂತುಹೋದ ಪಿಂಚಣಿಯನ್ನು ಮತ್ತೆ ಶುರು ಮಾಡಿಸಲು ಯಾರನ್ನು ಹಿಡಿಯಬೇಕು ಎಂಬ ತಿಳಿವಳಿಕೆ ಯಾವ ಸುತ್ತೋಲೆಯಲ್ಲೂ ಇರುವುದಿಲ್ಲ. ಅದು ಇವರಲ್ಲಿರುತ್ತದೆ, ಏಕೆಂದರೆ ಅದೇ ಸಾಲಿನಲ್ಲಿ ತಮಗಾಗಿಯೂ ನಿಂತವರು ಇವರು. ಆದರೆ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇವರ ಸಹಿಯಿಂದ ಯಾವ ಕಡತವೂ ಅಲುಗುವುದಿಲ್ಲ. ಸೇವೆ ಕಾಯಂ ಮಾಡಿ ಎಂದು ಇವರು ಧರಣಿ ಕೂತದ್ದನ್ನು ಪತ್ರಿಕೆಗಳು ನೌಕರಿಯ ಬೇಡಿಕೆಯಾಗಿ ವರದಿ ಮಾಡುತ್ತವೆ. ಅರ್ಜಿದಾರರ ಕಡೆಯಿಂದ ನೋಡಿದರೆ ಅದರಲ್ಲಿ ಬೇರೊಂದು ಪ್ರಶ್ನೆಯೂ ಇದೆ: ನಾಳೆ ಮತ್ತೆ ಅದೇ ಕಚೇರಿಯ ಮುಂದೆ ಕೈಕಟ್ಟಿ ನಿಲ್ಲಬೇಕಾದವರು ಇವತ್ತು ಅಲ್ಲಿ ದನಿ ಎತ್ತಿ ಮಾತನಾಡಬಲ್ಲರೇ?

ದಲ್ಲಾಳಿಗಳು ಏಕೆ ಬದುಕುತ್ತಾರೆ ಎಂಬುದಕ್ಕೂ ಈ ನಕ್ಷೆಯಲ್ಲೇ ಉತ್ತರವಿದೆ. ಜನರ ಅಜ್ಞಾನವನ್ನು ದೂರುವುದು ಸುಲಭ. ದಲ್ಲಾಳಿ ಮಾರುವುದು ಮಾಹಿತಿಯನ್ನಲ್ಲ. ನಾಲ್ಕು ಕಚೇರಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿಕೊಡುವ ಕೆಲಸವನ್ನು. ಅದನ್ನು ಉಚಿತವಾಗಿ ಮಾಡುವ ಅಧಿಕಾರ ಸರ್ಕಾರದ ಯಾವ ಒಬ್ಬ ನೌಕರನಿಗೂ ಇಲ್ಲ. ಗ್ರಾಮ ಒನ್ ಕೇಂದ್ರಗಳು ಅರ್ಜಿಯನ್ನು ಗಣಕಕ್ಕೇರಿಸುತ್ತವೆ, ಸ್ವೀಕೃತಿ ಕೊಡುತ್ತವೆ. ಅಲ್ಲಿಗೆ ಅವುಗಳ ಹೊಣೆ ಮುಗಿಯಿತು.

ಇನ್ನು ಶೇಕಡಾವಾರಿನ ಮಾತು. ಕಾಯಿದೆಯ ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಗಡಿ. ರಾಜ್ಯದ ಪಿಂಚಣಿಯಲ್ಲಿ ಹೆಚ್ಚಿನ ಮೊತ್ತಕ್ಕೆ ಶೇ 75 ಗಡಿ. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಶೇ 80 ಗಡಿ, ಜೊತೆಗೆ ಬಡತನ ರೇಖೆಯ ಷರತ್ತು; ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಒಬ್ಬರೇ ವ್ಯಕ್ತಿ ಒಂದು ಬಾಗಿಲಲ್ಲಿ ವಿಕಲಚೇತನ, ಪಕ್ಕದ ಬಾಗಿಲಲ್ಲಿ ಅಲ್ಲ. ಶೇ 38 ಎಂದು ಬರೆಯುವುದಕ್ಕೂ ಶೇ 40 ಎಂದು ಬರೆಯುವುದಕ್ಕೂ ನಡುವೆ ವೈದ್ಯಕೀಯವಾಗಿ ಇರುವ ಅಂತರ ಕೂದಲೆಳೆಯಷ್ಟು. ಕುಟುಂಬದ ಮಟ್ಟಿಗೆ ಅದು ಪಿಂಚಣಿ ಇರುವ ಬದುಕಿಗೂ ಇಲ್ಲದ ಬದುಕಿಗೂ ಇರುವ ಅಂತರ.

ಈ ಸಂಖ್ಯೆ ಹುಟ್ಟುವ ಬಗೆಯನ್ನು ಗಮನಿಸಿದರೆ ನೆರವಿನ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಾನಸಿಕ ಕಾಯಿಲೆಯ ವೈಕಲ್ಯವನ್ನು ಅಳೆಯಲು ಬಳಸುವುದು ಭಾರತೀಯ ಮನೋವೈದ್ಯಕೀಯ ಸಂಘ ರೂಪಿಸಿದ, ಐಡಿಯಾಸ್ ಎಂದು ಕರೆಯುವ ಮಾಪಕ. ತನ್ನ ಆರೈಕೆ, ಇತರರೊಡನೆ ಸಂಬಂಧ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಕ್ಷೇತ್ರಗಳಿಗೆ ಅಂಕ ಕೊಟ್ಟು, ಕಾಯಿಲೆಯ ಅವಧಿಗೂ ಅಂಕ ಸೇರಿಸುತ್ತಾರೆ. ಒಟ್ಟು 7 ಅಂಕ ದಾಟಿದರೆ ಶೇ 40ರ ಗಡಿ ಮುಟ್ಟಿದಂತೆ. ಇಲ್ಲಿ ರಕ್ತಪರೀಕ್ಷೆಯಾಗಲಿ ಎಕ್ಸ್‌ರೇ ಆಗಲಿ ಆಧಾರವಲ್ಲ, ಮನೆಯವರ ಮಾತು ಆಧಾರ. ಮಗನ ಮರ್ಯಾದೆ ಕಾಯಲೆಂದು ತಾಯಿ ‘ಸ್ನಾನ ಊಟ ಎಲ್ಲ ಅವನೇ ಮಾಡ್ಕೋತಾನೆ ಸಾರ್’ ಎಂದುಬಿಟ್ಟರೆ ಅಂಕ ಅಲ್ಲೇ ಇಳಿಯುತ್ತದೆ. ದಿನಕ್ಕೆ ಎಷ್ಟು ಸಲ ಹೇಳಿ ಎಬ್ಬಿಸಿ ಕಳಿಸಿದ ಮೇಲೆ ಆ ಸ್ನಾನ ನಡೆಯುತ್ತದೆ ಎಂಬುದನ್ನೂ ಹೇಳಬೇಕು ಎಂದು ಅವರಿಗೆ ಮೊದಲೇ ತಿಳಿಸುವವರು ಬೇಕು. ಇದು ಸುಳ್ಳು ಹೇಳಿಕೊಡುವುದಲ್ಲ, ನಿಜವನ್ನು ಪೂರ್ತಿ ಹೇಳಲು ಧೈರ್ಯ ತುಂಬುವುದು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರೋಗದ ಕಷ್ಟ ಬೇರೆ ರೀತಿಯದು. ಪರೀಕ್ಷೆಯ ದಿನ ರೋಗಿ ನಡೆದೇ ಬರಬಹುದು. ನೋವಿನ ಕಾಲದ ಆಸ್ಪತ್ರೆ ದಾಖಲೆಗಳನ್ನು ಜೋಪಾನ ಮಾಡಿಟ್ಟವರ ಕಡತವೇ ಅವರ ಪರವಾಗಿ ಮಾತನಾಡಬೇಕು. ಹಾಡಿಯ ಗುಡಿಸಲಿನಲ್ಲಿ ಕಾಗದ ಉಳಿಸಿಕೊಳ್ಳುವುದು ಎಷ್ಟು ಸಾಧ್ಯ ಎಂಬುದು ನಿಯಮ ಬರೆದವರ ಲೆಕ್ಕಕ್ಕೆ ಬಂದಂತಿಲ್ಲ.

ಡಿಜಿಟಲ್ ಅಡೆತಡೆಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಕಾನೂನು ಅಲ್ಲಿ ಒಂದು ಹೆಜ್ಜೆ ಮುಂದಿದೆ. 2025ರ ಏಪ್ರಿಲ್ 30ರಂದು ಪ್ರಗ್ಯಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ತಲುಪುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗವೆಂದು ಹೇಳಿತು. ಕಣ್ಣು ಮಿಟುಕಿಸಿದರೆ ಮಾತ್ರ ಗುರುತು ಹಿಡಿಯುವ ಇ-ಕೆವೈಸಿ ಪದ್ಧತಿ ಆಸಿಡ್ ದಾಳಿಗೆ ತುತ್ತಾದವರನ್ನು ಹೊರಗಿಡುತ್ತಿದ್ದದ್ದು ಆ ಪ್ರಕರಣದ ಹಿನ್ನೆಲೆ.

ಮೂರನೆಯ ಬಗೆಯ ನೆರವಿಗೆ ಬರೋಣ. ಅಧಿನಿಯಮದ 59ನೇ ಪ್ರಕರಣ, ಪ್ರಮಾಣೀಕರಿಸುವ ಪ್ರಾಧಿಕಾರದ ತೀರ್ಮಾನದ ವಿರುದ್ಧ ಮೇಲ್ಮನವಿಯ ಅವಕಾಶ ಕೊಡುತ್ತದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು 2017ರ ನಿಯಮಗಳು ಹೇಳುತ್ತವೆ. ಅದಕ್ಕೊಂದು ಪ್ರತ್ಯೇಕ ನಮೂನೆಯೂ ಇದೆ. ಪ್ರಮಾಣಪತ್ರ ನೀಡಲು ಆಗ ಒಂದು ತಿಂಗಳ ಗಡುವಿತ್ತು. 2024ರ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಹಿಗ್ಗಿಸಿತು. ಎರಡು ವರ್ಷ ಇತ್ಯರ್ಥವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗುತ್ತದೆ ಎಂಬ ಅಂಶವನ್ನೂ ಸೇರಿಸಿತು. ಕಚೇರಿಯ ವಿಳಂಬದ ಹೊರೆಯನ್ನು ಅರ್ಜಿದಾರರ ಹೆಗಲಿಗೆ ಏರಿಸುವ ಈ ತಿದ್ದುಪಡಿ ಕಾಯಿದೆಯ ಆಶಯಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪಿಂಚಣಿಯ ಹಂತದಲ್ಲಿ 2011ರ ಸಕಾಲ ಕಾಯಿದೆ ಇದೆ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಕೇಳಿದವರನ್ನು ಆ ಕಚೇರಿ ಮುಂದಿನ ಸಲ ಹೇಗೆ ನೋಡುತ್ತದೆ ಎಂಬ ಅಂಜಿಕೆಗೆ ಕಾಯಿದೆಯಲ್ಲಿ ಪರಿಹಾರವಿಲ್ಲ.

ಇಂಥ ತಕರಾರಿಗೆ ನೆರವಾಗಬಲ್ಲ ಸಂಸ್ಥೆ ಮಾತ್ರ ಪ್ರತಿ ಜಿಲ್ಲೆಯಲ್ಲೂ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಪ್ರಕರಣದ ಪ್ರಕಾರ ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100. ತಾಲ್ಲೂಕು ಮಟ್ಟದಲ್ಲೂ ಸಮಿತಿಗಳಿವೆ, ಅರೆಕಾಲಿಕ ಕಾನೂನು ಸ್ವಯಂಸೇವಕರಿದ್ದಾರೆ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರ ವಿಷಯದಲ್ಲಿ ಬ್ಯಾಂಕು ಪಾಲಕತ್ವದ ಪತ್ರ ಕೇಳಿದಾಗ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಯೂ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅಲ್ಲೂ ಕಾನೂನು ಬಲ್ಲವರ ಜೊತೆ ಬೇಕಾಗುತ್ತದೆ. ಆದರೆ ಪುನರ್ವಸತಿ ಕಾರ್ಯಕರ್ತರು ಒಂದು ಇಲಾಖೆಯವರು, ಕಾನೂನು ಸ್ವಯಂಸೇವಕರು ನ್ಯಾಯಾಂಗದ ಕಡೆಯವರು. ಒಬ್ಬರಿಗೆ ಊರಿನ ಮನೆಮನೆಯೂ ಗೊತ್ತು, ಇನ್ನೊಬ್ಬರಿಗೆ ಕಚೇರಿಯ ಹಂಗಿಲ್ಲ.

ಈ ಇಬ್ಬರನ್ನು ಸೇರಿಸಲು ಹೊಸ ಕಾಯಿದೆ ಬೇಕಿಲ್ಲ. ತಿರಸ್ಕಾರದ ನಮೂನೆ ಕನ್ನಡದಲ್ಲಿರಬೇಕು. ಮೇಲ್ಮನವಿ ಪ್ರಾಧಿಕಾರದ ವಿಳಾಸ ಮತ್ತು ತಾಲ್ಲೂಕು ಕಾನೂನು ಸೇವಾ ಸಮಿತಿಯ ದೂರವಾಣಿ ಸಂಖ್ಯೆ ಅದರಲ್ಲೇ ಅಚ್ಚಾಗಿರಬೇಕು. ಅದರ ಒಂದು ಪ್ರತಿ ಆಸ್ಪತ್ರೆಯಿಂದ ನೇರವಾಗಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಇನ್ನೊಂದು ಆ ಸಮಿತಿಗೂ ಹೋಗಬೇಕು. ಇಷ್ಟಾದರೆ ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ತಿರಸ್ಕಾರಗಳಾದವು, ಅವುಗಳಲ್ಲಿ ಎಷ್ಟು ಮೇಲ್ಮನವಿಗೆ ಹೋದವು ಎಂಬ ಲೆಕ್ಕವನ್ನು ಇಲಾಖೆಯ ವಾರ್ಷಿಕ ವರದಿಯಲ್ಲಿ ಮಂಜೂರಾತಿಯ ಅಂಕಿಗಳ ಪಕ್ಕದಲ್ಲೇ ಪ್ರಕಟಿಸಲು ಸಾಧ್ಯ.