250ರ ಬೈಕು, 360ರ ಇಂಜಿನ್ನು

ಶೆಡ್ಡಲ್ಲಿರೋ ನನ್ನ ಹಳೇ ಯೆಜ್ಡಿಗೆ 500 ಸಿಸಿ ಇಂಜಿನ್ ಕೂರಿಸೋಣ, ಗುಡ್ಡ ಹತ್ತುತ್ತೆ ಅಂತಾನೆ ಮಗ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ.

ಮೈಸೂರಿನ ಯೆಜ್ಡಿಯ ಬೇರು ಚೆಕೊಸ್ಲೊವಾಕಿಯಾದ ಜಾವಾ. ಅದೇ ದೇಶದ ಸಿಜೆಡ್ ಕಂಪನಿಯ 250 ಟೂ-ಸ್ಟ್ರೋಕಿನಲ್ಲಿ ಬೆಲ್ಜಿಯಂನ ಜೋಯೆಲ್ ರೋಬರ್ 1964ರ ಮೋಟೋಕ್ರಾಸ್ ವಿಶ್ವ ಪಟ್ಟ ಗೆದ್ದ. 500ರ ವರ್ಗದಲ್ಲಿ ಆಗ ಫೋರ್-ಸ್ಟ್ರೋಕಿನದೇ ದರ್ಬಾರು. ಸಿಜೆಡ್‌ನವರು ಅಲ್ಲಿಗೆ 500 ಮಾಡಲಿಲ್ಲ. ಅದೇ ಜಾತಿಯ ಹಗುರ ಬೈಕಿಗೆ 360ರ ಇಂಜಿನ್ ಇಟ್ಟರು. ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ 68ರವರೆಗೆ ಮೂರು ವರ್ಷವೂ ಅದರಲ್ಲಿ ಪಟ್ಟ ಹೊಡೆದ. ಟೂ-ಸ್ಟ್ರೋಕು ಪ್ರತಿ ಸುತ್ತಿಗೂ ಉರಿಯುತ್ತೆ, ಫೋರ್-ಸ್ಟ್ರೋಕು ಎರಡು ಸುತ್ತಿಗೊಮ್ಮೆ. 360 ಸಾಕಾಯ್ತು.

ಎಳೇ ಹೋರಿಗೆ ಹೆಬ್ಬಂಡಿ ಕಟ್ತೀಯೇನಪ್ಪಾ ಅಂದೆ. ಮಗ ಸ್ಪ್ಯಾನರ್ ಕೆಳಗಿಟ್ಟ.