ಟೈರಿನ ಚರಿತ್ರೆ ಮತ್ತು ನನ್ನ ಬಿ.ಎಡ್. ಶುಲ್ಕ



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ತಾನು ಹಳೆಯ ಕಾರೊಂದನ್ನು ಕೊಂಡಿರುವುದಾಗಿಯೂ, ಹೆಂಡತಿ ಮಕ್ಕಳೊಡನೆ ಶಿರಾಡಿ ಘಾಟಿಯ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗಿಬರುವ ಆಲೋಚನೆ ಇರುವುದಾಗಿಯೂ ತಿಳಿಸಿದ. ಕೇಳಿ ಸಂತೋಷವಾಯಿತು. ಆದರೆ ನನ್ನ ಬಾಯಿಂದ ಮೊದಲು ಬಂದ ಮಾತು, "ಟೈರು ಹೇಗಿದೆಯಪ್ಪ?" ಎಂಬುದು. ಅವನು ನಕ್ಕು, "ಸಾರ್, ನೀವು ಚರಿತ್ರೆಯ ಮೇಷ್ಟ್ರು. ಟೈರಿನ ಯೋಚನೆ ನಿಮಗೇಕೆ ಸಾರ್?" ಎಂದ. ಟೈರಿಗೂ ಒಂದು ಚರಿತ್ರೆಯಿದೆ, ನನ್ನ ಬಿ.ಎಡ್. ಪದವಿಗೂ ಒಂದು ಜೊತೆ ಟೈರಿಗೂ ಬಿಡಿಸಲಾಗದ ನಂಟಿದೆ ಎಂಬುದನ್ನು ಅವನಿಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಂಡ ಮೊದಲ ಟೈರು ರಬ್ಬರಿನದಲ್ಲ, ಕಬ್ಬಿಣದ್ದು. ನಮ್ಮೂರಿನ ಕುಲುಮೆಯ ಮುಂದೆ ಎತ್ತಿನ ಗಾಡಿಯ ಗಾಲಿಗೆ ಪಟ್ಟಿ ಹಾಕುವ ದಿನವೆಂದರೆ ಹುಡುಗರಿಗೆಲ್ಲ ಹಬ್ಬ. ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಮಾಡಿದ ಕಬ್ಬಿಣದ ಬಳೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಿದ್ದರು. ಕಾದ ಬಳೆ ಹಿಗ್ಗುತ್ತಿತ್ತು. ಇಕ್ಕಳದಿಂದ ಎತ್ತಿ ಮರದ ಗಾಲಿಯ ಮೇಲೆ ಕೂರಿಸಿ ಕೊಡಗಟ್ಟಲೆ ನೀರು ಸುರಿದೊಡನೆ, ಭುಸ್ಸೆಂದು ಹೊಗೆಯೆದ್ದು, ಬಳೆ ಕುಗ್ಗಿ, ಅರಗಳನ್ನೂ ಗುಂಬವನ್ನೂ ಒಂದಾಗಿ ಬಿಗಿಯುತ್ತಿತ್ತು. ಉಷ್ಣದಿಂದ ವಸ್ತುಗಳು ಹಿಗ್ಗುತ್ತವೆ ಎಂಬ ಪಾಠವನ್ನು ಪುಸ್ತಕದಲ್ಲಿ ಓದುವ ಮೊದಲೇ ನಾವು ಅಲ್ಲಿ ಕಲಿತಿದ್ದೆವು. ಆ ಗಾಲಿ ಗಟ್ಟಿಯಾಗಿತ್ತು, ಬಹುಕಾಲ ಬಾಳುತ್ತಿತ್ತು. ಆದರೆ ದಾರಿಯ ಪ್ರತಿಯೊಂದು ಕಲ್ಲನ್ನೂ ಕೂತವನ ಬೆನ್ನೆಲುಬಿಗೆ ತಿಳಿಸದೆ ಬಿಡುತ್ತಿರಲಿಲ್ಲ.

ಗಾಲಿಗೆ ಮೃದುತ್ವ ಬರಬೇಕಾದರೆ ರಬ್ಬರು ಬೇಕಾಗಿತ್ತು. ಆದರೆ ಹಸಿ ರಬ್ಬರು ಬೇಸಿಗೆಯಲ್ಲಿ ಕರಗಿ ಅಂಟಾಗುತ್ತಿತ್ತು, ಚಳಿಯಲ್ಲಿ ಬಿರುಸಾಗಿ ಒಡೆಯುತ್ತಿತ್ತು. ಎಲ್ಲ ಋತುಗಳಿಗೂ ಒಗ್ಗುವ ರಬ್ಬರನ್ನು ಹುಡುಕುತ್ತ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ತನ್ನ ಆಸ್ತಿಯನ್ನೆಲ್ಲ ಕಳೆದುಕೊಂಡರು, ಸಾಲಗಾರರ ಸೆರೆಮನೆಯನ್ನೂ ಕಂಡರು. 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಗುಲಿದಾಗ ಅದು ಕರಗದೆ ಗಟ್ಟಿಯಾಗಿ, ಬಾಗುವ ಗುಣವನ್ನೂ ಉಳಿಸಿಕೊಂಡದ್ದನ್ನು ಅವರು ಗಮನಿಸಿದರು. 1844ರಲ್ಲಿ ಅಮೆರಿಕದಲ್ಲಿ ಅವರಿಗೆ ಹಕ್ಕುಪತ್ರ ದೊರೆಯಿತು. ಆದರೆ ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾಂಕಾಕ್ ಇದೇ ವಿಧಾನಕ್ಕೆ ಹಕ್ಕು ಸಾಧಿಸಿದ್ದರು. ಗುಡ್‌ಇಯರ್ 1860ರಲ್ಲಿ ಸಾಲದಲ್ಲಿಯೇ ತೀರಿಕೊಂಡರು. ಇಂದು ಅವರ ಹೆಸರನ್ನು ಹೊತ್ತಿರುವ ಟೈರು ಸಂಸ್ಥೆ 1898ರಲ್ಲಿ ಬೇರೆಯವರು ಕಟ್ಟಿದ್ದು. ಹೆಸರು ಅವರ ಗೌರವಾರ್ಥ, ಲಾಭ ಅವರ ಮನೆಯದಲ್ಲ.

ಗಾಳಿ ತುಂಬಿದ ಟೈರಿನ ಕಥೆಯೂ ಇಂಥದೇ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, 1845ರಲ್ಲಿ, ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದರು. ಅದನ್ನು ಕುದುರೆಗಾಡಿಗೆ ತೊಡಿಸಿ ಲಂಡನ್ನಿನಲ್ಲಿ ಓಡಿಸಿಯೂ ತೋರಿಸಿದರು. ಆದರೆ ಆಗ ಸೈಕಲ್ಲಿನ ಕಾಲ ಬಂದಿರಲಿಲ್ಲ, ಮೋಟಾರಂತೂ ಇರಲೇ ಇಲ್ಲ. ಜನ ಮರೆತುಬಿಟ್ಟರು. ನಲವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, 1887ರಲ್ಲಿ, ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕುವುದನ್ನು ಕಂಡು, ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಗಾಲಿಗೆ ಸುತ್ತಿದರು. 1888ರಲ್ಲಿ ಹಕ್ಕುಪತ್ರ ಬಂತು. 1889ರಲ್ಲಿ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ವಿಲ್ಲೀ ಹ್ಯೂಮ್ ಎಂಬ ಸೈಕಲ್ ಪಟು ಈ ಟೈರಿನಿಂದ ಗೆದ್ದಾಗ, ಮೊದಲು ನಕ್ಕವರೇ ಕೊಳ್ಳಲು ಮುಗಿಬಿದ್ದರು. ಆಗ ಥಾಮ್ಸನ್ನರ ಹಳೆಯ ಪತ್ರ ಬೆಳಕಿಗೆ ಬಂದು ಡನ್‌ಲಪ್ಪರ ಹಕ್ಕು ರದ್ದಾಯಿತು. ಥಾಮ್ಸನ್ 1873ರಲ್ಲಿಯೇ ತೀರಿಕೊಂಡಿದ್ದರು.

ಮುಂದಿನ ಹೆಜ್ಜೆ ಫ್ರಾನ್ಸಿನ ಮಿಶೆಲಿನ್ ಸಹೋದರರದು. ಕಳಚಿ ಸರಿಪಡಿಸಬಹುದಾದ ಸೈಕಲ್ ಟೈರನ್ನು ಅವರು 1891ರಲ್ಲಿ ತಂದರು. 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಓಟದಲ್ಲಿ ಗಾಳಿಯ ಟೈರಿನ ಮೇಲೆ ಕಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ಆಯಿತು, ಆದರೆ ಕಾರೂ ಗಾಳಿಯ ಮೇಲೆ ಓಡಬಲ್ಲದೆಂದು ಜಗತ್ತಿಗೆ ತಿಳಿಯಿತು. ಈ ಪಂಕ್ಚರಿನ ಕಾಟದಿಂದಲೇ ನಮ್ಮ ಭಾಷೆಗೂ ಒಂದು ಪದ ಬಂದಿದೆ. ವೇಲ್ಸಿನ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಬಿಡಿ ಗಾಲಿಯೊಂದನ್ನು ತಯಾರಿಸಿದರು. ಆಗಿನ ಕಾರುಗಳಿಗೆ ಹೆಚ್ಚುವರಿ ಗಾಲಿಯೇ ಇರುತ್ತಿರಲಿಲ್ಲ. ಬೀದಿಯ ಹೆಸರೇ ಗಾಲಿಗೆ ಬಂತು. ಇಂದು ಆ ಹೆಸರನ್ನು ನಮ್ಮ ದೇಶದ ಹಳ್ಳಿಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ "ಸ್ಟೆಪ್ನಿ ತೆಗಿ" ಎಂದು ಕೇಳುತ್ತೇವೆ.

ಆದರೆ ಈ ನುಣುಪಾದ ಓಟದ ಹಿಂದೆ ರಕ್ತದ ಕಲೆಯೂ ಇದೆ. ಟೈರಿಗೆ ಬೇಡಿಕೆ ಏರಿದಂತೆ ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡ್ ತನ್ನ ಸ್ವಂತ ಸೊತ್ತಿನಂತೆ ಇಟ್ಟುಕೊಂಡಿದ್ದ ಕಾಂಗೋದಲ್ಲಿ, ಗೊತ್ತುಪಡಿಸಿದಷ್ಟು ಕಾಡುರಬ್ಬರು ತಾರದವರ ಮೇಲೆ ನಡೆದ ಕ್ರೌರ್ಯವನ್ನು ರೋಜರ್ ಕೇಸ್‌ಮೆಂಟರ 1904ರ ವರದಿ ಜಗತ್ತಿಗೆ ತಿಳಿಸಿತು. ಇನ್ನೊಂದು ಕಡೆ, 1876ರಲ್ಲಿ ಹೆನ್ರಿ ವಿಕಮ್ ಎಂಬ ಆಂಗ್ಲನು ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೆ ಬಂದವು, ಅಲ್ಲಿಂದ ಏಷ್ಯದ ತೋಟಗಳು ಬೆಳೆದವು. ನಮ್ಮ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳನ್ನು ನೋಡಿದವರಿಗೆ ಇದು ದೂರದ ಕಥೆಯಲ್ಲ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಫಲವಾಗಿ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಹಲವು ಅಲ್ಲಿನ ಸರ್ಕಾರಿ ನೆಡುತೋಪುಗಳಲ್ಲಿ ನೆಲೆನಿಂತವು. ಸಸಿ ಬಂದ ದ್ವೀಪದಿಂದಲೇ ಹಾಲು ತೆಗೆಯುವ ಕೈಗಳೂ ಬಂದವು.

ಇನ್ನು ಟೈರಿನ ಮೇಲಣ ಗೆರೆಗಳ ವಿಚಾರ. ಆದಿಯಲ್ಲಿ ಕಾರಿನ ಟೈರುಗಳು ನುಣ್ಣಗಿದ್ದವು. 1904ರಲ್ಲಿ ಜರ್ಮನಿಯ ಕಾಂಟಿನೆಂಟಲ್ ಸಂಸ್ಥೆ ಗೆರೆ ಕೊರೆದ ಟೈರನ್ನು ತಂದಿತು. ಬಣ್ಣವೂ ಮೊದಲು ಕಪ್ಪಾಗಿರಲಿಲ್ಲ. ಇಂಗಾಲದ ಕಪ್ಪು ಮಸಿಯನ್ನು ಬೆರೆಸಿದರೆ ರಬ್ಬರು ಸವೆತವನ್ನು ಬಹಳವಾಗಿ ತಡೆಯುತ್ತದೆಂದು ತಿಳಿದ ಮೇಲೆ ಕಪ್ಪಾಯಿತು. ಗೆರೆ ಇರುವುದು ಅಂದಕ್ಕಲ್ಲ, ನೀರಿಗೆ. ಮಳೆಯಲ್ಲಿ ಟೈರಿಗೂ ರಸ್ತೆಗೂ ನಡುವೆ ಸಿಕ್ಕುವ ನೀರು ಆ ಕಾಲುವೆಗಳಲ್ಲಿ ಹರಿದು ಹೊರಹೋಗಬೇಕು. ಹೋಗದಿದ್ದರೆ ಕಾರು ನೆಲದ ಮೇಲಲ್ಲ, ನೀರಿನ ಮೇಲೆ ತೇಲುತ್ತದೆ. ವಿಮಾನಗಳು ಒದ್ದೆ ಓಡುದಾರಿಯಲ್ಲಿ ಜಾರುವುದನ್ನು ಕುರಿತು 1960ರ ದಶಕದಲ್ಲಿ ನಾಸಾ ವಿಜ್ಞಾನಿಗಳು ನಡೆಸಿದ ಪ್ರಯೋಗಗಳ ಸೂತ್ರದಂತೆ, 30 ಪೌಂಡ್ ಗಾಳಿಯಿರುವ ಟೈರು, ನಿಂತ ನೀರನ್ನು ಹೊರದೂಡಲಾಗದಿದ್ದರೆ, ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಪೂರ್ತಿಯಾಗಿ ತೇಲುತ್ತದೆ. ಗಾಳಿ ಕಡಿಮೆಯಾದಷ್ಟೂ ಆ ವೇಗವೂ ಇಳಿಯುತ್ತದೆ. ಬೋಳು ಟೈರು ಒದ್ದೆ ತಿರುವಿನಲ್ಲಿ ಹಿಡಿತ ಬಿಡಲು ಇದರ ಅರ್ಧ ವೇಗವೂ ಬೇಕಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

1983ರಲ್ಲಿ ನನಗೆ ಬಿ.ಎಡ್. ಸೀಟು ದೊರೆಯಿತು. ತಂದೆ ಇರಲಿಲ್ಲ. ಅಣ್ಣ ಒಂದು ಹಳೆಯ ಅಂಬಾಸಿಡರ್ ಕಾರನ್ನು ಬಾಡಿಗೆಗೆ ಓಡಿಸಿ ಮನೆ ನಡೆಸುತ್ತಿದ್ದ. ಕಾರಿನ ಹಿಂದಿನ ಎರಡು ಟೈರುಗಳ ಬಟನ್ ಪೂರ್ತಿ ಸವೆದು ಅಂಗೈಯಂತಾಗಿತ್ತು. ಒಮ್ಮೆ ರಿಸೋಲ್ ಮಾಡಿಸಿಯೂ ಆಗಿತ್ತು. ಹೊಸ ಟೈರಿಗೆಂದು ಅವನು ಕೂಡಿಟ್ಟಿದ್ದ ಹಣ ನನ್ನ ಶುಲ್ಕಕ್ಕೆ ಸರಿಯಾಗಿ ಸಾಲುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅಣ್ಣ ಕೇಳಿದ, "ಏನು ಮಾಡೋಣ?" ನಾನೇ ಹೇಳಿದೆ, "ಮಳೆಗಾಲ ಒಂದು ಕಳೆಯಲಿ ಅಣ್ಣ, ದೀಪಾವಳಿ ಹೊತ್ತಿಗೆ ಹೊಸದು ಹಾಕಿಸಿದರಾಯಿತು." ಅತ್ತಿಗೆ ಒಮ್ಮೆ ನನ್ನ ಮುಖ ನೋಡಿ ಸುಮ್ಮನಾದರು. ಟೈರು ಬೇಕಾಗುವುದೇ ಮಳೆಗಾಲಕ್ಕೆ ಎಂಬುದು ಪದವೀಧರನಾದ ನನಗೆ ಹೊಳೆಯಲಿಲ್ಲವೋ, ಹೊಳೆಯಬಾರದೆಂದು ನಾನೇ ಬಯಸಿದೆನೋ, ಇಂದಿಗೂ ಹೇಳಲಾರೆ.

ಆ ಆಗಸ್ಟಿನಲ್ಲಿ ಅಣ್ಣ ಬಾಡಿಗೆಗೆ ಹೋಗಿ ಮಂಗಳೂರಿನ ಕಡೆಯಿಂದ ಖಾಲಿ ಕಾರಿನಲ್ಲಿ ಹಿಂದಿರುಗುತ್ತಿದ್ದ. ಶಿರಾಡಿ ಘಾಟಿಯ ಒಂದು ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ನೀರು ಹರಿಯುತ್ತಿತ್ತು. ವೇಗ ಹೆಚ್ಚಿರಲಿಲ್ಲ. ಮುಂದಿನ ಗಾಲಿಗಳು ತಿರುಗಿದವು, ಹಿಂದಿನವು ತಿರುಗಲಿಲ್ಲ. ಕಾರು ಅಡ್ಡಲಾಗಿ ಸುತ್ತಿ ಮರಕ್ಕೆ ಬಡಿಯಿತು. ಆ ಮರವಿಲ್ಲದಿದ್ದರೆ ಆಚೆ ಕಣಿವೆ. ಅಣ್ಣನ ಬಲಗಾಲಿನ ಮೂಳೆ ಮೂರು ಕಡೆ ಮುರಿದಿತ್ತು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಕಾರನ್ನು ಸಿಕ್ಕ ಬೆಲೆಗೆ ಮಾರಿ, ಅಣ್ಣ ಒಂದು ಚಿಲ್ಲರೆ ಅಂಗಡಿ ಹಾಕಿಕೊಂಡ. ನಾನು ಬಿ.ಎಡ್. ಮುಗಿಸಿ ಮೇಷ್ಟ್ರಾದೆ. ಅವನು ಒಂದು ದಿನವೂ ಆ ರಾತ್ರಿಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಕಾರು ಕೊಂಡ ಮೇಲೆ ಅವನ ಮನೆಗೆ ಹೋದಾಗಲೆಲ್ಲ, ಹೊರಡುವ ಮುನ್ನ ಅಣ್ಣ ಕೋಲೂರಿಕೊಂಡು ಬಂದು, ಕಷ್ಟಪಟ್ಟು ಬಗ್ಗಿ, ನಾಲ್ಕೂ ಟೈರುಗಳ ಮೇಲೆ ಬೆರಳಾಡಿಸಿ, "ಸರಿ, ಹೊರಡು" ಎನ್ನುತ್ತಿದ್ದ. ಅವನು ತೀರಿಕೊಂಡು ಆರು ವರ್ಷಗಳಾದವು. ಈಗ ನಾನೇ ಬಗ್ಗಿ ನೋಡಿಕೊಳ್ಳುತ್ತೇನೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆಯೆಂದು ಭಾವಿಸಿದ್ದೇನೆ.

ನಿಮ್ಮ ಕಾರು ಎಷ್ಟೇ ದೊಡ್ಡದಿರಲಿ, ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವುದು ಸುಮಾರು ಅಂಗೈಯಗಲ ಮಾತ್ರ. ಆ ನಾಲ್ಕು ಅಂಗೈಗಳೇ ನಿಮ್ಮ ಸಂಸಾರವನ್ನು ಹಿಡಿದಿರುವುದು. ಟೈರಿನ ಗೆರೆಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಎಂದರ್ಥ. ನಮ್ಮ ದೇಶದ ನಿಯಮದಲ್ಲಿಯೂ ಕಾರಿಗೆ ಅದೇ ಕೊನೆಯ ಮಿತಿ. ಆ ಮಿತಿಯನ್ನು ಮುಟ್ಟುವವರೆಗೆ ಕಾಯಬೇಡಿ. ಮಳೆಗಾಲದ ಮುಂಚೆ, ಮೇ ತಿಂಗಳಲ್ಲಿಯೇ ನೋಡಿಕೊಳ್ಳಿ.

ಗಾಳಿಯನ್ನು ತಿಂಗಳಿಗೊಮ್ಮೆಯಾದರೂ, ದೂರದ ಪ್ರಯಾಣಕ್ಕೆ ಮುನ್ನ ತಪ್ಪದೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ಪರೀಕ್ಷಿಸಿ. ಎಷ್ಟು ಹೊಡೆಸಬೇಕೆಂಬುದನ್ನು ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಓದಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ. ಬೇಸಿಗೆಯಲ್ಲಿ ಸಿಡಿಯುತ್ತದೆಂದು ಹೆದರಿ ಗಾಳಿ ಇಳಿಸುವವರಿದ್ದಾರೆ. ಅದು ತಪ್ಪು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಹೆಚ್ಚು ಮಡಿದು ಇನ್ನಷ್ಟು ಕಾಯುತ್ತದೆ, ಸಿಡಿಯುವುದೇ ಆಗ. 2000ದಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಸಂಸ್ಥೆಯ ಟೈರುಗಳ ಮೇಲ್ಪದರ ಕಿತ್ತು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತ ಪ್ರಕರಣದಲ್ಲಿ ತಯಾರಿಕೆಯ ದೋಷದ ಜೊತೆಗೆ ಕಡಿಮೆ ಗಾಳಿ ಮತ್ತು ಬಿಸಿಯ ಪಾತ್ರವೂ ಚರ್ಚೆಗೆ ಬಂತು. ಅದರ ಫಲವಾಗಿಯೇ ಅಲ್ಲಿ ಗಾಳಿ ಇಳಿದರೆ ಎಚ್ಚರಿಸುವ ಸಾಧನ ಕಡ್ಡಾಯವಾಯಿತು.

ಟೈರನ್ನು ಕೊಳ್ಳುವಾಗ ಅದರ ಪಕ್ಕೆಯನ್ನು ಓದಿ. 165/80 ಆರ್ 14 85 ಟಿ ಎಂದಿದ್ದರೆ, ಅಗಲ 165 ಮಿಲಿಮೀಟರ್, ಎತ್ತರ ಅಗಲದ ನೂರಕ್ಕೆ 80, ರೇಡಿಯಲ್ ಜಾತಿ, 14 ಅಂಗುಲದ ಗಾಲಿ, ಒಂದು ಟೈರು ಹೊರಬಲ್ಲ ಭಾರ 515 ಕಿಲೋಗ್ರಾಂ, ಗರಿಷ್ಠ ವೇಗ ಗಂಟೆಗೆ 190 ಕಿಲೋಮೀಟರ್. ಕಾರಿನೊಡನೆ ಬಂದ ಅಳತೆಯನ್ನು ಅಂದಕ್ಕಾಗಿ ಬದಲಿಸಬೇಡಿ. ಪಕ್ಕೆಯಲ್ಲಿಯೇ ನಾಲ್ಕಂಕಿಯ ಒಂದು ಮುದ್ರೆಯಿರುತ್ತದೆ. 2324 ಎಂದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಓಡದೆ ನಿಂತ ಟೈರೂ ಮುದಿಯಾಗುತ್ತದೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ. ಹತ್ತು ವರ್ಷವಾದರೆ ಗೆರೆ ಎಷ್ಟೇ ಉಳಿದಿರಲಿ, ಬಿಟ್ಟುಬಿಡಿ. ಎರಡೇ ಹೊಸ ಟೈರು ಕೊಳ್ಳುವ ಶಕ್ತಿಯಿದ್ದರೆ ಅವನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಗಾಲಿ ಜಾರಿದರೆ ವೇಗ ತಗ್ಗಿಸಿ ಸಂಭಾಳಿಸಬಹುದು, ಹಿಂದಿನದು ಜಾರಿದರೆ ಕಾರೇ ಸುತ್ತಿಬಿಡುತ್ತದೆ. ಇದನ್ನು ಬರೆಯುವಾಗ ಶಿರಾಡಿಯ ಆ ತಿರುವು ಕಣ್ಣಿಗೆ ಬರುತ್ತದೆ.

ಹಿಮ ಬೀಳುವ ನಾಡುಗಳಲ್ಲಿರುವ ನಮ್ಮ ಮಕ್ಕಳಿಗೂ ಒಂದು ಮಾತು. ಫಿನ್ಲೆಂಡಿನಲ್ಲಿ 1934ರಲ್ಲಿಯೇ ಚಳಿಗಾಲಕ್ಕೆಂದು ಬೇರೆ ಟೈರು ತಯಾರಾಯಿತು. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ರಬ್ಬರು ಬಿರುಸಾಗುತ್ತ ಹೋಗುತ್ತದೆ. 1977ರಲ್ಲಿ ಗುಡ್‌ಇಯರ್ ಸಂಸ್ಥೆ ಎಲ್ಲ ಋತುಗಳ ರೇಡಿಯಲ್ ಟೈರನ್ನು ತಂದಿತಾದರೂ, ಗಟ್ಟಿ ಹಿಮದ ಊರಿನಲ್ಲಿ ಅದು ಚಳಿಗಾಲದ ಟೈರಿಗೆ ಸಮನಲ್ಲ. ಎರಡು ಜೊತೆ ಇಟ್ಟುಕೊಳ್ಳುವ ಖರ್ಚನ್ನು ದುಂದು ಎನ್ನಬೇಡಿ.

ನನಗೆ ಫೋನು ಮಾಡಿದ್ದ ವಿದ್ಯಾರ್ಥಿ ನಿನ್ನೆ ಮತ್ತೆ ಮಾತನಾಡಿದ. ಹಿಂದಿನ ಟೈರಿನ ಮುದ್ರೆ ಓದಿ ನೋಡಿದನಂತೆ, ಹನ್ನೊಂದು ವರ್ಷ ಹಳೆಯದಂತೆ. "ಈ ತಿಂಗಳು ಮಗಳ ಶಾಲೆಯ ಫೀಸು ಇದೆ ಸಾರ್, ಮಳೆಗಾಲ ಕಳೆದ ಮೇಲೆ ಹಾಕಿಸೋಣ ಅಂತ" ಎಂದ. ಒಂದು ಕ್ಷಣ ನನಗೆ ಮಾತು ಹೊರಡಲಿಲ್ಲ. "ಹಾಗಾದರೆ ಧರ್ಮಸ್ಥಳಕ್ಕೂ ಮಳೆಗಾಲ ಕಳೆದ ಮೇಲೆಯೇ ಹೋಗಪ್ಪ. ಇಲ್ಲವೇ ಬಸ್ಸಿನಲ್ಲಿ ಹೋಗು. ಮಂಜುನಾಥ ಎಲ್ಲಿಗೂ ಹೋಗುವುದಿಲ್ಲ" ಎಂದೆ. ಅವನು ಒಪ್ಪಿದ. ಬಸ್ಸಿನ ಟಿಕೆಟ್ಟು ಕಾದಿರಿಸಿದ ಮೇಲೆ ನನಗೆ ತಿಳಿಸಬೇಕೆಂದು ಹೇಳಿದ್ದೇನೆ.

ನೀವೂ ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಹೊರಗೆ ಹೋಗಿ, ಬಗ್ಗಿ, ನಾಲ್ಕೂ ಟೈರುಗಳ ಮೇಲೆ ಬೆರಳಾಡಿಸಿ ನೋಡಿ. ಸ್ಟೆಪ್ನಿಯನ್ನೂ ಮರೆಯಬೇಡಿ. ಎಲ್ಲರಿಗೂ ಶುಭವಾಗಲಿ.