ಹದಿನಾಲ್ಕನೆಯ ವಾರದ ಮರಿಗಳು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಗಾದೆಯನ್ನು ನಾವು ಮಕ್ಕಳಿಗೂ ಹೇಳುತ್ತೇವೆ, ನಾಯಿಮರಿಗೂ ಹೇಳುತ್ತೇವೆ. ಆದರೆ ಗಿಡ ಯಾವ ದಿನ ಮರವಾಗುತ್ತದೆ ಎಂದು ಗಾದೆ ಹೇಳುವುದಿಲ್ಲ. ನಾಯಿಮರಿಯ ಮಟ್ಟಿಗೆ ಆ ದಿನವನ್ನು ಹುಡುಕಿಕೊಂಡು ಹೊರಟವರಿದ್ದರು. ಅವರ ಕೆಲಸದ ಕಥೆ ಓದಿದಾಗಲೆಲ್ಲ ನನಗೆ ಕೃತಜ್ಞತೆಯೂ ಸಂಕಟವೂ ಒಟ್ಟೊಟ್ಟಿಗೇ ಆಗುತ್ತವೆ.

ಕಥೆ ನಡೆದದ್ದು ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎಂಬ ಕಡಲತೀರದ ಊರಿನಲ್ಲಿ. 1929ರಲ್ಲಿ ಅಲ್ಲಿ ಸ್ಥಾಪನೆಯಾದ ಜಾಕ್ಸನ್ ಪ್ರಯೋಗಾಲಯ ಇಲಿಗಳ ವಂಶವಾಹಿಗಳ ಅಧ್ಯಯನಕ್ಕೆ ಹೆಸರಾಗಿತ್ತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಜಾನ್ ಪಾಲ್ ಸ್ಕಾಟ್ ಎಂಬ ವಿಜ್ಞಾನಿ ಅಲ್ಲಿಗೆ ಬಂದ. ಮುಂದೆ ಜಾನ್ ಫುಲ್ಲರ್ ಜೊತೆಗೂಡಿದ. ಸ್ವಭಾವದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಬೆಳೆದ ಪರಿಸರದಿಂದ ಬಂದದ್ದೆಷ್ಟು ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಬಸೆಂಜಿ, ಬೀಗಲ್, ಕಾಕರ್ ಸ್ಪ್ಯಾನಿಯಲ್, ಶೆಟ್ಲೆಂಡ್ ಶೀಪ್‌ಡಾಗ್, ಫಾಕ್ಸ್ ಟೆರಿಯರ್ ಎಂಬ ಐದು ತಳಿಗಳನ್ನು ಆರಿಸಿಕೊಂಡರು. ವರ್ಷಗಟ್ಟಲೆ ನಡೆದ ಆ ಕೆಲಸ 1965ರಲ್ಲಿ ದೊಡ್ಡ ಪುಸ್ತಕವಾಯಿತು.

ಅವರು ಹುಡುಕಿದ್ದು ವಂಶವನ್ನು. ಜಗತ್ತು ಹೆಚ್ಚಾಗಿ ನೆನಪಿಟ್ಟುಕೊಂಡದ್ದು ವಾರಗಳ ಲೆಕ್ಕವನ್ನು. ಮೊದಲ ಎರಡು ವಾರ ಮರಿಯ ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ತಾಯಿಯ ಬಿಸಿ ಮತ್ತು ಹಾಲು, ಅಷ್ಟೇ ಅದರ ಲೋಕ. ಎರಡನೆಯ ವಾರದ ಕೊನೆಗೆ ಕಣ್ಣು ತೆರೆಯುತ್ತದೆ, ಮೂರನೆಯ ವಾರದ ಸುಮಾರಿಗೆ ಕಿವಿ ಕೇಳತೊಡಗುತ್ತದೆ, ಕಾಲು ನಿಲ್ಲುತ್ತದೆ. ಅಲ್ಲಿಂದ ಹನ್ನೆರಡನೆಯ ವಾರದವರೆಗಿನ ಅವಧಿಯೇ ಮರಿ ಲೋಕದ ಜೊತೆ ನಂಟು ಬೆಳೆಸುವ ಕಾಲ. ಯಾರು ತನ್ನವರು, ಯಾವ ಸದ್ದಿಗೆ ಹೆದರಬೇಕಿಲ್ಲ, ಎಷ್ಟು ಗಟ್ಟಿಯಾಗಿ ಕಚ್ಚಿದರೆ ಒಡಹುಟ್ಟು ಆಟ ಬಿಟ್ಟು ಹೋಗುತ್ತದೆ ಎಂಬುದೆಲ್ಲ ಆಗಲೇ ಮನಸ್ಸಿಗೆ ಇಳಿಯುತ್ತದೆ.

ಇದು ಹೇಗೆ ತಿಳಿಯಿತು? ಕೊಡಬೇಕಾದುದನ್ನು ಕೊಡದೆ ಇಟ್ಟು ನೋಡಿದ್ದರಿಂದ. 1961ರಲ್ಲಿ ಡೇನಿಯಲ್ ಫ್ರೀಡ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಎಂಟು ಸೂಲಿನ ಮರಿಗಳನ್ನು ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ತಾಯಿಯೊಡನೆ ಬೆಳೆಸಲಾಯಿತು. ಮನುಷ್ಯರ ಮುಖ ಕಾಣದಂತೆ ಬೇಲಿಯ ಕಿಂಡಿಯಿಂದ ಅನ್ನ, ನೀರು. ಕೆಲವು ಮರಿಗಳನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರರಲ್ಲಿ, ಐದರಲ್ಲಿ, ಏಳರಲ್ಲಿ, ಒಂಬತ್ತರಲ್ಲಿ ಹೊರತೆಗೆದು ಒಂದು ವಾರ ಮನುಷ್ಯರ ಒಡನಾಟಕ್ಕೆ ಬಿಟ್ಟು ಮತ್ತೆ ಬಯಲಿಗೆ ಕಳಿಸಿದರು. ಉಳಿದವು ಮನುಷ್ಯರನ್ನು ಕಂಡದ್ದು ಹದಿನಾಲ್ಕನೆಯ ವಾರದಲ್ಲಿ. ಎರಡು ವಾರದವು ಇನ್ನೂ ತೀರ ಎಳೆಯವು. ಮೂರು ಮತ್ತು ಐದು ವಾರದವು ತಾವಾಗಿಯೇ ಹತ್ತಿರ ಬಂದವು. ಏಳರವು ಮೊದಲು ಹಿಂಜರಿದು ಆಮೇಲೆ ಬಂದವು, ಒಂಬತ್ತರವು ಇನ್ನೂ ನಿಧಾನ. ಹದಿನಾಲ್ಕರವು ಕಾಡುಪ್ರಾಣಿಗಳಂತೆ ಓಡಿದವು. ಕೊರಳಿಗೆ ಹಗ್ಗ ಕಟ್ಟಿ ನಡೆಸುವುದೂ ಆಗಲಿಲ್ಲ. ಅವುಗಳಲ್ಲೊಂದನ್ನು ಆಮೇಲೆ ಎಷ್ಟು ದಿನ ಕೈತುತ್ತು ಕೊಟ್ಟು ಸವರಿದರೂ ಬದಲಾದದ್ದು ಅಲ್ಪಸ್ವಲ್ಪ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕಿಂತ ಕಠೋರವಾದ ಪ್ರಯೋಗ ನಡೆದಿತ್ತು. ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಸಂಗಡಿಗ 1957ರಲ್ಲಿ ವರದಿ ಮಾಡಿದಂತೆ, ಒಂಟಿಯಾಗಿ ಬೆಳೆದ ಸ್ಕಾಟಿಷ್ ಟೆರಿಯರ್‌ಗಳು ಉರಿಯುವ ಬೆಂಕಿಕಡ್ಡಿಗೆ ಮೂಗು ಒಡ್ಡಿ, ಸುಟ್ಟುಕೊಂಡು, ಮತ್ತೆ ಅಲ್ಲಿಗೇ ಮೂಗು ತರುತ್ತಿದ್ದವು. ನೋವಿನಿಂದ ದೂರ ಸರಿಯುವುದನ್ನೂ ಸಹವಾಸದಲ್ಲೇ ಕಲಿಯಬೇಕೆಂದು ಆ ಮರಿಗಳು ನಮಗೆ ಕಲಿಸಿದವು. ಅವಕ್ಕೆ ಅದರಿಂದ ಏನೂ ದಕ್ಕಲಿಲ್ಲ.

ದಕ್ಕಿದ್ದು ಬೇರೆಯವರಿಗೆ. ಕ್ಯಾಲಿಫೋರ್ನಿಯಾದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುತ್ತಿದ್ದ ಸಂಸ್ಥೆಯಲ್ಲಿ ಕ್ಲಾರೆನ್ಸ್ ಫ್ಯಾಫನ್‌ಬರ್ಗರ್ ಎಂಬಾತ ಬಾರ್ ಹಾರ್ಬರಿನ ಈ ತಿಳಿವಳಿಕೆಯನ್ನು ಕೆಲಸಕ್ಕೆ ಹಚ್ಚಿದ. ಹನ್ನೆರಡು ವಾರ ದಾಟಿಯೂ ದೊಡ್ಡಿಯಲ್ಲೇ ಉಳಿದ ಮರಿಗಳು ಮುಂದೆ ಜವಾಬ್ದಾರಿ ಹೊರಲಾರದೆ ಸೋಲುವುದನ್ನು ಗಮನಿಸಿ, ಸಕಾಲದಲ್ಲಿ ಅವನ್ನು ಮಕ್ಕಳಿರುವ ಮನೆಗಳಿಗೆ ಕಳಿಸುವ ಕ್ರಮವನ್ನು ಒತ್ತಿ ಹೇಳಿದ. ಅವನ ಪುಸ್ತಕ 1963ರಲ್ಲಿ ಬಂತು. ಆರು ತಿಂಗಳು ತುಂಬಿದ ಮೇಲೆ ಪಾಠ ಎಂದುಕೊಂಡಿದ್ದ ತರಬೇತುದಾರರಿಗೆ ಅದು ಹೊಸ ಮಾತು. ಗಾದೆ ಹೇಳುವುದು ಬಗ್ಗಿಸುವುದನ್ನು. ಈ ವಿಜ್ಞಾನ ಹೇಳಿದ್ದು ಪರಿಚಯ ಮಾಡಿಸುವುದನ್ನು. ಇವೆರಡರ ನಡುವಿನ ಅಂತರ ಸಣ್ಣದಲ್ಲ.

ಆಮೇಲೆ ಇನ್ನೊಂದು ತೊಡಕು ಬಂತು. 1978ರಲ್ಲಿ ಪಾರ್ವೊ ಎಂಬ ವೈರಸ್ ರೋಗ ಲೋಕವೆಲ್ಲ ಹರಡಿ ಅಪಾರ ಮರಿಗಳು ಸತ್ತವು. ಲಸಿಕೆಗಳೆಲ್ಲ ಮುಗಿಯುವ ತನಕ ಮರಿಯನ್ನು ಹೊಸ್ತಿಲು ದಾಟಿಸಬೇಡಿ ಎಂಬ ಸಲಹೆ ಬೇರೂರಿತು. ಲಸಿಕೆಗಳು ಮುಗಿಯುವಷ್ಟರಲ್ಲಿ ಪರಿಚಯದ ಕಾಲವೂ ಮುಗಿದಿರುತ್ತಿತ್ತು! 2008ರಲ್ಲಿ ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ ಸ್ಪಷ್ಟವಾಗಿ ಹೇಳಿತು: ಮೊದಲ ಲಸಿಕೆಯಾಗಿ ಕನಿಷ್ಠ ಒಂದು ವಾರ ಕಳೆದ ಮೇಲೆ, ಏಳೆಂಟು ವಾರದ ಮರಿಯನ್ನೂ ಶುಚಿಯಾದ ಜಾಗದಲ್ಲಿ ಇತರರೊಡನೆ ಬೆರೆಯಲು ಬಿಡಬಹುದು.

ನಮ್ಮಲ್ಲಿ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೆ ಕಾನೂನು ತಾಯಿಯ ಪಾಲಿನ ವಾರಗಳನ್ನಷ್ಟೇ ಕಾಯಬಲ್ಲದು. ಮುಂದಿನ ನಾಲ್ಕೈದು ವಾರ ಮನೆಯವರ ಪಾಲು. ಬೆಂಗಳೂರಿನ ಚಹಾದಂಗಡಿಯ ಬೆಂಚಿನಡಿ ಹುಟ್ಟಿದ ಬೀದಿಮರಿಗೆ ಮುದ್ದೂ ಒದೆಯೂ ಆಟೋ ಸದ್ದೂ ಕೇಳದೇ ಸಿಗುತ್ತವೆ. ಬದುಕುಳಿದರೆ ಅದು ಮನುಷ್ಯರನ್ನು ಬಲ್ಲ ನಾಯಿ. ಹತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಒಂಟಿಯಾಗಿ ಬೆಳೆಯುವ ದುಬಾರಿ ತಳಿಯ ಮರಿಗೆ ಹೊಟ್ಟೆ ತುಂಬ ಸಿಗುತ್ತದೆ, ಪರಿಚಯವೊಂದು ಬಿಟ್ಟು. ಬೇಲಿಯ ಕಿಂಡಿಯಿಂದ ಅನ್ನ ಬರುತ್ತಿದ್ದ ಆ ಬಯಲಿಗೂ ಈ ಬಾಲ್ಕನಿಗೂ ಬಹಳ ದೂರವೇನಿಲ್ಲ. ಅಂಥ ಮರಿ ದೊಡ್ಡದಾಗಿ ಲಿಫ್ಟಿನಲ್ಲಿ ಮಗುವನ್ನು ಕಂಡು ಗುರ್ ಎಂದಾಗ ನಾವು ತಳಿಯನ್ನು ಬೈಯುತ್ತೇವೆ.

ಈಗಿನ ವಿಜ್ಞಾನಿಗಳು ಆ ವಾರಗಳನ್ನು ನಿರ್ಣಾಯಕ ಕಾಲ ಎನ್ನುವುದಕ್ಕಿಂತ ಸೂಕ್ಷ್ಮ ಕಾಲ ಎನ್ನಲು ಬಯಸುತ್ತಾರೆ. ಬಾಗಿಲು ಒಮ್ಮೆಗೇ ಮುಚ್ಚುವುದಿಲ್ಲ, ನಿಧಾನವಾಗಿ ಭಾರವಾಗುತ್ತದೆ. ತಡವಾಗಿ ಬಂದ ನಾಯಿಗೂ ತಾಳ್ಮೆಯಿಂದ ಒಂದಿಷ್ಟು ದಾರಿ ಮಾಡಿಕೊಡಬಹುದು. ಆದರೂ ಹದಿನಾಲ್ಕನೆಯ ವಾರದ ಮರಿಗಳು ಒಂದು ಸಲ ಬೆಲೆ ತೆತ್ತಾಗಿದೆ. ಅದೇ ಪ್ರಯೋಗವನ್ನು ನಮ್ಮ ಮನೆಗಳಲ್ಲಿ ಮತ್ತೆ ಮಾಡಿ ನೋಡುವ ಅಗತ್ಯವಿಲ್ಲ.